ಮಳೆ ನಾಡಿನ ಪ್ರೌಢಶಾಲೆಯಲ್ಲಿ ವಿಜ್ಞಾನ: ಪ್ರಯೋಗಕ್ಕೆ ಸಮಯ ಎಲ್ಲಿಂದ ತರುವುದು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯವಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ವಿಜ್ಞಾನ ಶಿಕ್ಷಕಿಯಾಗಿ ಬಂದಿದ್ದೇನೆ. ಇದು ಮೊದಲ ವರ್ಷ. ಜೂನ್, ಜುಲೈ ಪೂರ್ತಿ ಮಳೆ ರಜೆಯಲ್ಲೇ ಹೋಯಿತು. ಪ್ರಯೋಗಾಲಯ ಎಂದರೆ ಒಂದು ಬೀರು, ಅದರಲ್ಲಿ ಅರ್ಧ ಸಾಮಗ್ರಿ ತುಕ್ಕು ಹಿಡಿದಿದೆ. ದಿನವೂ ಒಂದಲ್ಲ ಒಂದು ಮಾಹಿತಿ ಕಳಿಸುವ ಕೆಲಸ ಇರುತ್ತದೆ. ಪ್ರಯೋಗ ಮಾಡಿಸಿದರೆ ಪಾಠ ಮುಗಿಯುವುದಿಲ್ಲ, ಮಾಡಿಸದಿದ್ದರೆ ಮನಸ್ಸು ಒಪ್ಪುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಭಯ ಬೇರೆ. ಹಿರಿಯ ಸಹೋದ್ಯೋಗಿಗಳು ‘ಮೊದಲು ಪಾಠ ಮುಗಿಸಿ’ ಎನ್ನುತ್ತಾರೆ. ನಾನು ಏನು ಮಾಡಬೇಕು?

ಉತ್ತರ: ಪಾಠ ಮುಗಿಸುವುದು ಒಂದು ಕೆಲಸ, ಪ್ರಯೋಗ ಮಾಡಿಸುವುದು ಇನ್ನೊಂದು ಕೆಲಸ ಎಂದು ಲೆಕ್ಕ ಹಾಕಿದರೆ ನಿಮಗೆ ನಿವೃತ್ತಿಯವರೆಗೂ ಸಮಯ ಸಾಲುವುದಿಲ್ಲ. ಕರಾವಳಿಯಲ್ಲೂ ಘಟ್ಟದ ಮೇಲೂ ವಿಜ್ಞಾನ ಕಲಿಸಿ, ಈಗ ಶಿಕ್ಷಕರ ತರಬೇತಿಯಲ್ಲಿ ತೊಡಗಿರುವ ನನ್ನ ಖಚಿತ ಅಭಿಪ್ರಾಯ ಇಷ್ಟು: ಪ್ರಯೋಗ ಪಾಠದ ಕೊನೆಗಲ್ಲ, ಆರಂಭಕ್ಕೆ ಬರಬೇಕು. ಮೊದಲ ಹತ್ತು ನಿಮಿಷ ಮಕ್ಕಳ ಕಣ್ಣೆದುರು ಏನಾದರೂ ನಡೆಯಲಿ, ಉಳಿದ ಅರ್ಧ ಗಂಟೆ ಅದನ್ನು ವಿವರಿಸುವುದೇ ಪಾಠವಾಗಲಿ. ಮೂರು ದಿನ ಸಮೀಕರಣ ಬರೆಸಿ ನಾಲ್ಕನೆಯ ದಿನ ‘ಈಗ ಇದನ್ನು ಮಾಡಿ ತೋರಿಸುತ್ತೇನೆ’ ಎಂದರೆ ಪ್ರಯೋಗಕ್ಕೆ ಪ್ರತ್ಯೇಕ ಅವಧಿ ಬೇಕಾಗುತ್ತದೆ. ಆ ಹೊತ್ತಿಗೆ ಮಕ್ಕಳಿಗೆ ಉತ್ತರ ಗೊತ್ತಾಗಿಬಿಟ್ಟಿರುತ್ತದೆ, ಅವರು ನೋಡುತ್ತಾರೆಯೇ ಹೊರತು ಗಮನಿಸುವುದಿಲ್ಲ.

ಹಿರಿಯ ಸಹೋದ್ಯೋಗಿಗಳ ಮಾತನ್ನು ತಳ್ಳಿಹಾಕಬೇಡಿ. ಅದರ ಹಿಂದೆ ಅನುಭವವಿದೆ. ಈ ಜಿಲ್ಲೆಯಲ್ಲಿ ಶಾಲಾ ವರ್ಷ ಕಾಗದದ ಮೇಲೆ ಕಾಣುವಷ್ಟು ಉದ್ದವಿರುವುದಿಲ್ಲ. ವರ್ಷಕ್ಕೆ 3000 ಮಿ.ಮೀ. ಸುರಿಯುವ ಕರಾವಳಿ ಇದು. ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ರೆಡ್ ಅಲರ್ಟ್ ಬಂದರೆ ರಾತ್ರಿಯೇ ಜಿಲ್ಲಾಧಿಕಾರಿಗಳ ರಜೆಯ ಆದೇಶ ಬರುತ್ತದೆ. ಆ ರಜೆಗಳನ್ನು ಶನಿವಾರ ಮಧ್ಯಾಹ್ನ, ಭಾನುವಾರ ತರಗತಿ ನಡೆಸಿ ಸರಿದೂಗಿಸಬೇಕು, ಅಂದು ಹಾಜರಾತಿ ಕಡಿಮೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ ಕರಾವಳಿಯ ಓಡಾಟವೇ ನಿಂತಿತ್ತು. 2025ರ ದಸರಾ ಹೊತ್ತಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ಸುತ್ತಿದ್ದರಿಂದ ಶಾಲೆಗಳು ತಡವಾಗಿ ತೆರೆದವು. ಇವೆಲ್ಲ ಪ್ರತಿ ವರ್ಷ ಬೇರೆ ಬೇರೆ ರೂಪದಲ್ಲಿ ಬರುತ್ತವೆ ಎಂದು ಮೊದಲೇ ಒಪ್ಪಿಕೊಂಡು ಯೋಜನೆ ಹಾಕುವವರಿಗೆ ಫೆಬ್ರವರಿಯಲ್ಲಿ ಉಸಿರು ಕಟ್ಟುವುದಿಲ್ಲ.

ದಾವಣಗೆರೆಯ ಬಯಲಿನಿಂದ ಬಂದ ನಿಮಗೆ ಹೊಸದಾಗಿ ಕಾಣುವ ಸಂಗತಿ ಇನ್ನೊಂದಿದೆ. ಇಲ್ಲಿ ಪಠ್ಯದ ಎಷ್ಟೋ ಚಟುವಟಿಕೆಗಳು ಋತು ನೋಡಿ ನಡೆಯುತ್ತವೆ. ಎಲೆಯಲ್ಲಿ ಪಿಷ್ಟ ಇದೆಯೇ ಎಂದು ಅಯೋಡಿನ್ ಹಾಕಿ ನೋಡುವ ಪ್ರಯೋಗಕ್ಕೆ ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗಿಡಬೇಕು. ಜುಲೈ ತಿಂಗಳ ಕುಮಟಾದಲ್ಲಿ ಆರು ಗಂಟೆ ಬಿಸಿಲು ಎಲ್ಲಿದೆ? ಫಲಿತಾಂಶ ಮಸುಕಾಗಿ ಬರುತ್ತದೆ, ಮಕ್ಕಳು ‘ನೀಲಿ ಬಂತು ಸರ್’ ಎಂದು ಬಾರದ್ದನ್ನು ಬಂತೆಂದು ಬರೆಯುತ್ತಾರೆ. ವಿಜ್ಞಾನದ ತರಗತಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಎಂಟನೆಯ ತರಗತಿಯ ಸ್ಥಿರ ವಿದ್ಯುತ್ತಿನ ಚಟುವಟಿಕೆಗಳೂ ಹಾಗೆಯೇ. ಬಾಚಣಿಗೆಯನ್ನು ಎಷ್ಟು ಉಜ್ಜಿದರೂ ತೇವದ ಗಾಳಿಯಲ್ಲಿ ಆವೇಶ ನಿಲ್ಲುವುದಿಲ್ಲ, ಕಾಗದದ ಚೂರು ಏಳುವುದಿಲ್ಲ. ಪೀನ ಮಸೂರದಿಂದ ಬಿಸಿಲನ್ನು ಒಂದೆಡೆ ಕೂಡಿಸುವುದು, ಪಟ್ಟಕದಿಂದ ಗೋಡೆಯ ಮೇಲೆ ಬಣ್ಣದ ಪಟ್ಟಿ ಬೀಳಿಸುವುದು, ಇವೆಲ್ಲ ನವೆಂಬರ್ ನಂತರದ ಕೆಲಸ.

ಹಾಗೆಂದು ಪಾಠಗಳ ಕ್ರಮವನ್ನೇ ಬದಲಿಸಿಬಿಡಿ ಎಂದು ನಾನು ಹೇಳಲಾರೆ. ಕಲಿಕೆಯ ನಡುನಡುವೆ ನಡೆಯುವ ರೂಪಣಾತ್ಮಕ ಮತ್ತು ಅವಧಿಯ ಕೊನೆಯ ಸಂಕಲನಾತ್ಮಕ ಪರೀಕ್ಷೆಗಳಿಗೆ ತಿಂಗಳವಾರು ಪಾಠಹಂಚಿಕೆ ಇರುತ್ತದೆ, ಅದರಾಚೆ ಹೋದರೆ ಮಕ್ಕಳು ಓದದ ಪಾಠದ ಪ್ರಶ್ನೆಗೆ ಉತ್ತರಿಸಬೇಕಾದೀತು. ಪಾಠವನ್ನು ಅದರ ತಿಂಗಳಲ್ಲೇ ಮಾಡಿ. ಬಿಸಿಲು ಬೇಡುವ ಚಟುವಟಿಕೆಯನ್ನು ಮಾತ್ರ ಎತ್ತಿಟ್ಟುಕೊಂಡು ಡಿಸೆಂಬರ್, ಜನವರಿಯಲ್ಲಿ ಪುನರಾವರ್ತನೆ ಶುರುವಾದಾಗ ಮಾಡಿಸಿ. ಪುನರಾವರ್ತನೆ ಎಂದರೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಷ್ಟೇ ಆದಾಗ ಮಕ್ಕಳು ತೂಕಡಿಸುತ್ತಾರೆ. ಅಂಥ ಹೊತ್ತಿನಲ್ಲಿ ಅಂಗಳದಲ್ಲಿ ಕ್ರೋಟನ್ ಎಲೆಗೆ ಅಯೋಡಿನ್ ಹಾಕಿ, ಹಸಿರಿದ್ದ ಕಡೆ ಮಾತ್ರ ನೀಲಿಗಪ್ಪು ಬಂದದ್ದನ್ನು ತೋರಿಸಿದರೆ ಇಡೀ ಪಾಠ ಮತ್ತೆ ನೆನಪಾಗುತ್ತದೆ. ಎಲೆಯ ಹಸಿರನ್ನು ತೆಗೆಯಲು ಸ್ಪಿರಿಟ್ ಕಾಯಿಸುವಾಗ ಮಾತ್ರ ಅದನ್ನು ನೇರವಾಗಿ ಜ್ವಾಲೆಯ ಮೇಲಿಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು, ಅದೂ ನಿಮ್ಮ ಕೈಯಿಂದಲೇ ಆಗಬೇಕು.

ಮಳೆಗಾಲಕ್ಕೆ ಹೊಂದುವ ವಿಷಯಗಳೂ ಇವೆ. ಕರೆಂಟು ಹೋದರೂ ಒಣಕೋಶಗಳಿದ್ದರೆ ಓಮ್‌ನ ನಿಯಮಕ್ಕೆ ತೊಂದರೆಯಿಲ್ಲ. ಆಮ್ಲ, ಪ್ರತ್ಯಾಮ್ಲಗಳಿಗೆ ದಾಸವಾಳದ ರಸವಿದೆ. ಇನ್ನು ತುಕ್ಕಿನ ವಿಷಯ. ನೀವು ಬೀರುವಿನ ಸಾಮಗ್ರಿ ತುಕ್ಕು ಹಿಡಿದಿದೆ ಎಂದು ಬೇಸರಪಟ್ಟಿದ್ದೀರಿ. ಪಠ್ಯದಲ್ಲಿರುವ ಮೂರು ಪ್ರನಾಳಗಳ ಪ್ರಯೋಗಕ್ಕೆ, ಅಂದರೆ ಒಂದರಲ್ಲಿ ನೀರು ಮತ್ತು ಗಾಳಿ, ಇನ್ನೊಂದರಲ್ಲಿ ಕುದಿಸಿದ ನೀರಿನ ಮೇಲೆ ಎಣ್ಣೆ, ಮತ್ತೊಂದರಲ್ಲಿ ಒಣ ಗಾಳಿ ಇಟ್ಟು ಮೊಳೆ ನೋಡುವುದಕ್ಕೆ, ನಾಲ್ಕನೆಯದಾಗಿ ಸಮುದ್ರದ ನೀರಿನ ಪ್ರನಾಳವೊಂದನ್ನು ಸೇರಿಸಿ. ಯಾವುದು ಬೇಗ ತುಕ್ಕು ಹಿಡಿಯುತ್ತದೆ ಎಂದು ಮೊದಲೇ ಊಹಿಸಿ ಬರೆಯಲು ಹೇಳಿ. ದೋಣಿಯ ಮೊಳೆ, ಮನೆಯ ಕಿಟಕಿಯ ಸರಳು, ಅಪ್ಪನ ಬೈಕು ಎಲ್ಲವೂ ಆ ಮಕ್ಕಳಿಗೆ ಗೊತ್ತು. ಗೊತ್ತಿರುವುದರ ಕಾರಣ ಗೊತ್ತಿಲ್ಲ, ಅಷ್ಟೇ.

ಬೀರುವಿನ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ತರಬೇತಿಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ಇಲ್ಲಿಯ ಗಾಳಿಯ ತೇವ ಹೀರಿ ನೀರಾಗುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್‌ಗಳದ್ದೂ ಅದೇ ಕತೆ. ಇವನ್ನು ದೊಡ್ಡ ಡಬ್ಬಿಯಲ್ಲಿ ತರಿಸದೆ ಚಿಕ್ಕ ಬಾಟಲಿಗಳಲ್ಲಿ ತರಿಸಿ, ಬಿಗಿಯಾಗಿ ಮುಚ್ಚಿಡಿ. ಸೂಕ್ಷ್ಮದರ್ಶಕದ ಮಸೂರಕ್ಕೆ ಮಳೆಗಾಲದಲ್ಲಿ ಬೂಸು ಬರುತ್ತದೆ. ಒಮ್ಮೆ ಬೇರೂರಿದರೆ ಗಾಜಿನ ಮೇಲಿನ ಗುರುತು ಹೋಗುವುದಿಲ್ಲ. ಮೇ ಕೊನೆಯಲ್ಲೇ ಅದನ್ನು ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಜೆಲ್ ತೇವ ಹೀರಿದ ಮೇಲೆ ಬಾಣಲೆಯಲ್ಲಿ ಮೆಲ್ಲಗೆ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ಆ ಬಾಣಲೆ ಅಡುಗೆಯದ್ದಾಗಿರಬಾರದು. ಮೆಗ್ನೀಸಿಯಂ ಪಟ್ಟಿ ಮಂಕಾಗಿದ್ದರೆ ಹೊಸದು ಬೇಕೆಂದು ಕಾಯುತ್ತ ಕೂರಬೇಡಿ, ಉಜ್ಜುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ. ಉರಿಯುವಾಗ ಮಕ್ಕಳು ಅದನ್ನೇ ದಿಟ್ಟಿಸದಂತೆ ಎಚ್ಚರಿಸಿ. ಸೀಸದ ನೈಟ್ರೇಟ್‌ಗೆ ಪೊಟ್ಯಾಸಿಯಂ ಅಯೋಡೈಡ್ ಸೇರಿಸಿದಾಗ ಬರುವ ಹಳದಿ ಪ್ರಕ್ಷೇಪ ನೋಡಲು ಬಲು ಚೆಂದ, ಆದರೆ ಸೀಸ ವಿಷ. ಕರಾವಳಿಯ ಶಾಲೆಗಳಲ್ಲಿ ಬಾವಿ ತರಗತಿಯ ಪಕ್ಕದಲ್ಲೇ ಇರುತ್ತದೆ, ಜಂಬಿಟ್ಟಿಗೆ ನೆಲ ನೀರನ್ನು ಬೇಗ ಇಳಿಸಿಕೊಳ್ಳುತ್ತದೆ. ಆ ಸೀಸದ ದ್ರಾವಣವನ್ನು ಅಂಗಳಕ್ಕೆ ಚೆಲ್ಲದೆ ಒಂದು ಬಾಟಲಿಯಲ್ಲಿ ಕೂಡಿಟ್ಟು, ಚೀಟಿ ಅಂಟಿಸಿ, ಬೀಗ ಹಾಕಿಡಿ. ನಾಲ್ಕೈದು ಹನಿಗಳಲ್ಲಿ ಈ ಪ್ರಯೋಗ ಮಾಡಿದರೂ ಬಣ್ಣ ಅಷ್ಟೇ ಗಾಢವಾಗಿ ಬರುತ್ತದೆ.

ಸಾಮಗ್ರಿ ಬೀರುವಿನಲ್ಲಿ ಇಲ್ಲದಿದ್ದರೆ ಊರಿನಲ್ಲಿ ಇರುತ್ತದೆ. ಇದನ್ನು ನಾನು ಸಿದ್ದಾಪುರದ ಕಡೆಯ ಶಾಲೆಯಲ್ಲಿದ್ದಾಗ ಕಂಡುಕೊಂಡೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟು ಇಪ್ಪತ್ತು ನಿಮಿಷ ಕಾಯುವ ಪ್ರಯೋಗ ನಿಮಗೆ ಗೊತ್ತೇ ಇದೆ. ದ್ರಾವಣದ ನೀಲಿ ಮಸುಕಾಗುತ್ತದೆ, ಮೊಳೆಯ ಮೇಲೆ ಕಂದುಗೆಂಪು ಲೇಪ ಕೂರುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಅಷ್ಟರವರೆಗೆ ತರಗತಿಯಲ್ಲಿ ಬಾಯಿ ಬಿಡದವನು, ಎದ್ದು ನಿಂತು ‘ಕೊಳೆ ಔಷಧ ಮಾಡುವಾಗ ನಮ್ಮ ಅಪ್ಪ ಕತ್ತಿ ಅದ್ದಿ ನೋಡುವುದು ಇದನ್ನೇ’ ಎಂದ. ಅಡಿಕೆ ತೋಟದ ಮನೆಗಳಲ್ಲೆಲ್ಲ ಮಳೆಗಾಲಕ್ಕೆ ಮೊದಲು, ಅಡಿಕೆಯ ಕೊಳೆರೋಗ ತಡೆಯಲು, ಮೈಲುತುತ್ತು (ಅದೇ ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ತಯಾರಿಸುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ಬಿಡಿಯಾಗಿ ಉಳಿದ ತಾಮ್ರ ಎಳೆಯ ಕಾಯನ್ನು ಸುಡುತ್ತದೆ. ಅದಕ್ಕಾಗಿಯೇ ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಪಠ್ಯದ ಸ್ಥಾನಪಲ್ಲಟ ಕ್ರಿಯೆ ಅದು. ಮಾರನೆಯ ದಿನ ಆ ಹುಡುಗ ಪೊಟ್ಟಣದಲ್ಲಿ ಮೈಲುತುತ್ತು ತಂದ, ತರಗತಿಯೆಲ್ಲ ಅವನ ಸುತ್ತ ನಿಂತಿತು. ಮೈಲುತುತ್ತನ್ನು ಕಬ್ಬಿಣದ ಬಕೆಟ್ಟಿನಲ್ಲಿ ಏಕೆ ಕರಗಿಸಬಾರದು ಎಂಬ ಪ್ರಶ್ನೆಗೆ ಲೋಹಗಳ ಕ್ರಿಯಾಶೀಲತಾ ಸರಣಿಯ ಪಾಠ ತಾನಾಗಿಯೇ ಮುಂದುವರಿಯಿತು. ಅವನು ಮುಂದೆ ಸಮೀಕರಣವನ್ನೂ ತಪ್ಪಿಲ್ಲದೆ ಸರಿದೂಗಿಸಿದ. ಅಂಥದೇ ಅಡಿಕೆ ತೋಟಗಳು ನಿಮ್ಮ ಕುಮಟಾ, ಹೊನ್ನಾವರದಲ್ಲೂ ಇವೆ.

ನಿಮ್ಮ ಶಾಲೆಯ ಸುತ್ತ ಇನ್ನೂ ಹೆಚ್ಚಿನ ಸಂಪತ್ತಿದೆ. ಅಘನಾಶಿನಿ ಹೊಳೆಯ ಬಳಚು ಎಂಬ ಮೃದ್ವಂಗಿಯ ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಸುಟ್ಟಸುಣ್ಣ, ನೀರು ಹಾಕಿದರೆ ಕಾವು ಬಿಡುತ್ತ ಅರಳುವ ಸುಣ್ಣ, ತಿಳಿ ಬಸಿದರೆ ಸುಣ್ಣದ ತಿಳಿನೀರು, ಉಸಿರು ಊದಿದರೆ ಮತ್ತೆ ಬಿಳಿಯ ಕಾರ್ಬೊನೇಟ್. ವಿಭಜನೆ, ಸಂಯೋಗ, ಬಹಿರುಷ್ಣಕ ಕ್ರಿಯೆ, ಇಂಗಾಲದ ಡೈಆಕ್ಸೈಡ್‌ನ ಪರೀಕ್ಷೆ, ಎಲ್ಲ ಒಂದು ಚಿಪ್ಪಿನಲ್ಲಿ ಮುಗಿಯುತ್ತವೆ. ನೀರು ಹಾಕುವ ಕೆಲಸ ನಿಮ್ಮದೇ ಇರಲಿ, ಮಕ್ಕಳು ದೂರ ನಿಲ್ಲಲಿ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಬೇಸಿಗೆಯಲ್ಲಿ ಅರ್ಧ ದಿನ ಕರೆದೊಯ್ಯಿರಿ. ಅಲ್ಲಿಯ ಹರಳುಪ್ಪನ್ನು ಬಾಟಲಿಯಲ್ಲಿ ತಂದಿಟ್ಟು, ಜೂನ್‌ನಲ್ಲಿ ಅದು ಏಕೆ ನೀರೊಡೆಯಿತು, ಪೊಟ್ಟಣದ ಪುಡಿ ಉಪ್ಪು ಏಕೆ ಅಷ್ಟಾಗಿ ನೀರೊಡೆಯಲಿಲ್ಲ ಎಂದು ಕೇಳಿ. ಹರಳುಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ನವರೆಗೆ ಮಕ್ಕಳನ್ನು ಕೊಂಡೊಯ್ಯಬಹುದು. ಒಂಬತ್ತನೆಯ ತರಗತಿಯ ಅಭಿಸರಣೆಗೆ ಮೀನುಗಾರರ ಮನೆಯ ಉಪ್ಪು ಹಾಕಿದ ಒಣಮೀನು, ಘಟ್ಟದ ಮೇಲಿನ ಮನೆಗಳ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಗಜನಿಯಲ್ಲಿ, ಅಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆಯಲ್ಲಿ, ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತ. ಪ್ಲವನತೆಗೆ, ಅಂದರೆ ತೇಲುವಿಕೆಗೆ, ತಳದಲ್ಲಿ ಸ್ವಲ್ಪ ಮರಳು ಹಾಕಿದ ಪ್ರನಾಳವನ್ನು ಹೊಳೆಯ ನೀರು ಮತ್ತು ಕಡಲ ನೀರು ಎರಡರಲ್ಲೂ ತೇಲಿಸಿ, ಎಷ್ಟು ಮುಳುಗುತ್ತದೆ ಎಂದು ನೋಡುವುದು. ಕಡಲ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1025 ಕಿಲೋಗ್ರಾಂ, ಸಿಹಿನೀರಿನದು 1000. ತುಂಬಿದ ದೋಣಿ ಅಳಿವೆಯೊಳಗೆ ಬಂದಾಗ ಸ್ವಲ್ಪ ಹೆಚ್ಚು ಮುಳುಗುವುದಕ್ಕೆ ಆ ವ್ಯತ್ಯಾಸವೇ ಕಾರಣ. ಕಾರವಾರದ ಕೋಡಿಬಾಗದಲ್ಲಿ ವಿಜ್ಞಾನ ಕೇಂದ್ರವೂ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಇವೆ. ವಾರ್ಷಿಕ ಪ್ರವಾಸವನ್ನು ದೂರದ ಊರಿಗೇ ಕೊಂಡೊಯ್ಯಬೇಕೆಂದಿಲ್ಲ.

ಮನೆಯಲ್ಲಿ ಕೊಂಕಣಿ, ಹಾಲಕ್ಕಿ ಕನ್ನಡ, ನವಾಯತಿ ಆಡುವ ಮಕ್ಕಳು ನಿಮ್ಮ ತರಗತಿಯಲ್ಲಿರುತ್ತಾರೆ. ಕಂಡದ್ದನ್ನು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಪಠ್ಯದ ಪದ ಆಮೇಲೆ ಬರಲಿ.

ಫಲಿತಾಂಶಕ್ಕೆ ಬರುತ್ತೇನೆ. ವಿಜ್ಞಾನದ ಪತ್ರಿಕೆ 80 ಅಂಕಗಳದ್ದು, ಉಳಿದ 20 ಆಂತರಿಕ ಅಂಕ. ಆ ಇಪ್ಪತ್ತಕ್ಕಾಗಿ ಮಕ್ಕಳು ಅಂಗಡಿಯಿಂದ ಚಾರ್ಟು ಕೊಂಡು, ಥರ್ಮಾಕೋಲು ಕೊರೆದು, ಅರ್ಥವಾಗದ ಪುಟಗಳನ್ನು ನಕಲು ಮಾಡಿ ತರುತ್ತಾರೆ. ಅದನ್ನು ನಿಲ್ಲಿಸಿ. ನೀವು ತರಗತಿಯಲ್ಲಿ ಮಾಡಿಸಿದ ಪ್ರಯೋಗದ ವರದಿಯನ್ನೇ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಪರಿಗಣಿಸಿ: ಏನು ಮಾಡಿದೆವು, ಏನು ಕಂಡೆವು, ಏಕೆ ಹಾಗಾಯಿತು, ಒಂದು ಚಿತ್ರ. ದಾಖಲೆಯೂ ಆಯಿತು, ಮಕ್ಕಳ ಹಣವೂ ಉಳಿಯಿತು, ನಿಮಗೆ ಪ್ರತ್ಯೇಕ ಅವಧಿಯೂ ಬೇಕಾಗಲಿಲ್ಲ. ನಿಮ್ಮ ಸಮಯದ ಪ್ರಶ್ನೆಗೆ ಹೆಚ್ಚಿನ ಉತ್ತರ ಇದರಲ್ಲೇ ಇದೆ. ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಜನವರಿ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಉತ್ತೀರ್ಣರಾಗಲು ಸಾಕಾಗುವಷ್ಟನ್ನೇ ಆಯ್ದು ಕಲಿಸುವುದು, ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲಿ ಕೇಳತೊಡಗುತ್ತದೆ. ಅದನ್ನು ನಾನು ಖಂಡಿಸುವುದಿಲ್ಲ. ತಂದೆ ದೋಣಿಗೆ ಹೋಗಿ, ತಾಯಿ ಮೀನು ಮಾರಿ ಬರುವ ಮನೆಯ ಹುಡುಗಿಗೆ ಹತ್ತನೆಯ ತರಗತಿ ದಾಟುವುದು ಮುಂದಿನ ಬದುಕಿನ ಪ್ರಶ್ನೆ. ಕಣ್ಣಿನ ಚಿತ್ರ, ಹೃದಯದ ಚಿತ್ರ, ಹೂವಿನ ನೀಳಸೀಳಿಕೆ, ಮಸೂರದ ಕಿರಣಚಿತ್ರಗಳು, ಕೆಲವು ಸಮೀಕರಣ, ಇವನ್ನು ಪದೇ ಪದೇ ಬರೆಸಲೇಬೇಕು. ನನ್ನ ತಕರಾರು ಒಂದೇ: ಆ ಮಕ್ಕಳನ್ನು ಗುರುತಿಸಿ ಬೇರೆ ಕೂರಿಸಿದ ದಿನದಿಂದ ಅವರಿಗೆ ಪ್ರಯೋಗ ತೋರಿಸುವುದನ್ನೇ ನಿಲ್ಲಿಸುತ್ತಾರೆ. ಓದಿ ನೆನಪಿಟ್ಟುಕೊಳ್ಳಲು ಕಷ್ಟಪಡುವವರಿಗೇ ಕಣ್ಣಾರೆ ಕಾಣುವುದು ಹೆಚ್ಚು ಬೇಕು. ದಾಸವಾಳದ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಅಂಡಾಶಯದೊಳಗಿನ ಬಿಳಿ ಚುಕ್ಕಿಗಳನ್ನು ಕಂಡವರು ಆ ಚಿತ್ರದ ಭಾಗಗಳನ್ನು ಅದಲುಬದಲು ಮಾಡುವುದು ತೀರಾ ವಿರಳ.

ಜೀವಿಗಳ ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾರಿಸುವ ಶಾಲೆಗಳು ಇಂದಿಗೂ ಇವೆ. ನೀವು ಹಾಗೆ ಮಾಡಬೇಡಿ. ಹುಡುಗ, ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಹೃದಯದ ಪಾಠ ಮಾಡುವ ಧ್ವನಿಯಲ್ಲೇ ಮಾಡಿ. ಮೊದಲ ಹತ್ತು ನಿಮಿಷ ಪಿಸುಮಾತು, ನಗು ಇರುತ್ತದೆ. ನೀವು ಅಳುಕದಿದ್ದರೆ ಅದು ತಾನಾಗಿ ನಿಲ್ಲುತ್ತದೆ. ಹೆಸರು ಬರೆಯದೆ ಪ್ರಶ್ನೆ ಹಾಕಲು ಒಂದು ಡಬ್ಬಿ ಇಡಿ. ಮುಟ್ಟಿನ ದಿನಗಳಲ್ಲಿ ಹೊರಗೆ ಕೂರುವ ಪದ್ಧತಿ ಇರುವ ಮನೆಗಳಿಂದ ಬರುವ ಹುಡುಗಿಯರಿಗೆ, ತಮ್ಮ ದೇಹದಲ್ಲಿ ನಡೆಯುವುದು ಸಹಜ ಕ್ರಿಯೆಯೆಂದು ಶಿಕ್ಷಕಿಯ ಬಾಯಿಂದ ಕೇಳುವುದೇ ದೊಡ್ಡ ಬಲ. ಮನೆಯವರ ನಂಬಿಕೆಯನ್ನು ತರಗತಿಯಲ್ಲಿ ಹೀಯಾಳಿಸುವುದು ಮಾತ್ರ ಬೇಡ. ಗರ್ಭಕೋಶದ ಒಳಪದರ ಏಕೆ ಬೆಳೆಯುತ್ತದೆ, ಏಕೆ ಕಳಚುತ್ತದೆ ಎಂದು ಸ್ಪಷ್ಟವಾಗಿ ಹೇಳಿ, ಉಳಿದದ್ದನ್ನು ಅವರೇ ಯೋಚಿಸುತ್ತಾರೆ.

ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿಯ ಸರ್ಕಾರಿ ಜಾಲತಾಣ) ನಮೂದು, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ‘ಇಂದು ಸಂಜೆಯೊಳಗೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ನಮೂನೆಗಳು ನಿಮ್ಮಿಂದ ತಪ್ಪುವುದಿಲ್ಲ. ಹೊಸಬರು, ಕಂಪ್ಯೂಟರ್ ಬಲ್ಲವರು ಎಂಬ ಕಾರಣಕ್ಕೆ ಎಲ್ಲವೂ ನಿಮ್ಮ ಮೇಜಿಗೇ ಬರುತ್ತವೆ. ಸಹಾಯ ಮಾಡಿ, ಆದರೆ ತರಗತಿಯ ಅವಧಿಯಲ್ಲಿ ಅಲ್ಲ ಎಂದು ಮೊದಲ ವರ್ಷವೇ ವಿನಯದಿಂದ ಹೇಳಿ. ಎರಡನೆಯ ವರ್ಷ ಹೇಳಿದರೆ ಯಾರೂ ಕೇಳುವುದಿಲ್ಲ. ಕೊನೆಯ ಅವಧಿಯನ್ನು ವಿಜ್ಞಾನಕ್ಕೆ ಹಾಕಿದ್ದರೆ ಬದಲಿಸಿಕೊಳ್ಳಿ. ಒಳಹಳ್ಳಿಗಳಿಗೆ ಸಂಜೆ ಇರುವುದು ಒಂದೇ ಬಸ್ಸು, ಅದು ತಪ್ಪಿದರೆ ಮಕ್ಕಳು ಮಳೆಯಲ್ಲಿ, ಕಾಡಿನ ದಾರಿಯಲ್ಲಿ ನಡೆಯಬೇಕು. ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕೂತ ಮಕ್ಕಳ ಮುಂದೆ ಯಾವ ಪ್ರಯೋಗವೂ ನಿಲ್ಲುವುದಿಲ್ಲ. ಸಾಧ್ಯವಾದರೆ ವಾರಕ್ಕೊಮ್ಮೆ ಎರಡು ಅವಧಿಗಳನ್ನು ಜೋಡಿಸಿ ಕೊಡಲು ಕೇಳಿ, ಗಣಿತದ ಶಿಕ್ಷಕರಿಗೂ ಅದು ಅನುಕೂಲವೇ.

ಈ ವರ್ಷ ಹತ್ತನೆಯ ತರಗತಿಯಲ್ಲಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಆ ಮಕ್ಕಳು ಬರೆದು ಕಲಿಯುವ ರೂಢಿಯಲ್ಲೇ ಬೆಳೆದವರು, ಪರೀಕ್ಷೆ ಹತ್ತಿರದಲ್ಲಿದೆ. ಅವರಿಗೆ ಪ್ರತಿ ಪಾಠಕ್ಕೆ ಒಂದೇ ಪ್ರಯೋಗ ಆರಿಸಿ, ಚೆನ್ನಾಗಿ ಮಾಡಿ. ಎಂಟನೆಯ ತರಗತಿಯಲ್ಲಿ ಮಾತ್ರ ಪೂರ್ಣವಾಗಿ ನಿಮ್ಮ ದಾರಿ ಹಿಡಿಯಿರಿ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಸಾಮಗ್ರಿ ತರುವ, ತೊಳೆಯುವ, ಬರೆಯುವ ಕೆಲಸ ಹಂಚಿ, ಬೀರುವಿನ ಒಂದೊಂದು ಅರೆಯನ್ನು ಒಂದೊಂದು ಗುಂಪಿಗೆ ವಹಿಸಿ. ಆಮ್ಲಗಳಿರುವ ಅರೆಯ ಕೀಲಿ ನಿಮ್ಮ ಬಳಿಯೇ ಇರಲಿ. ಅದೇ ಮಕ್ಕಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ನೀವು ಒಳಗೆ ಬರುವ ಮೊದಲೇ ಪ್ರನಾಳಗಳು ಮೇಜಿನ ಮೇಲಿರುತ್ತವೆ, ಈಗ ನೀವು ಹುಡುಕುತ್ತಿರುವ ಹತ್ತು ನಿಮಿಷ ಅವರಿಂದಲೇ ಸಿಗುತ್ತದೆ.